ಹೆಂಡತಿ ಇಳಿದರೆ ಏರುವ ಕಾರು

ಆಗ ನನಗೆ ಅರವತ್ತೇಳು. ಇದಾಗಿ ನಾಲ್ಕು ವರ್ಷವಾಯಿತು. ಮನೆ ಮುಂದೆ ಕಾರಿದ್ದೂ ಚಪ್ಪಲಿ ಸವೆಸಿಕೊಂಡ ಹೆಂಗಸು ಯಾರಾದರೂ ಇದ್ದರೆ ಅದು ನಾನೊಬ್ಬಳೇ. ನಮ್ಮ ಯಜಮಾನನ ಕಾರನ್ನು ನಾನು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು!

ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾನು ಒಂದು ದಿನವೂ ಹೇಳಲಿಲ್ಲ, ಆದರೂ ಹೋದ ವರ್ಷ ಹೋಗಿಬಿಟ್ಟ. ಈಗ ಹೇಳಬಹುದು, ಬಾಯಿಗೆ ಬರುವುದಿಲ್ಲ. ಆಯಪ್ಪ ಅನ್ನುತ್ತೇನೆ, ಅಷ್ಟು ಸಾಕು.

ಆಯಪ್ಪ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನ ಕಂಪ್ರೆಸರ್ ಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಗಣಿಯೊಳಕ್ಕೆ ಗಾಳಿ ತಳ್ಳುವ ಆ ಯಂತ್ರಗಳ ಸದ್ದು ಊರಿಗಾಂನಲ್ಲಿ ಗಣಿಯವರು ಕೊಟ್ಟ ನಮ್ಮ ಲೈನ್ ಮನೆಗೂ ಕೇಳುತ್ತಿತ್ತು. ಅವುಗಳ ಮಗ್ಗುಲಲ್ಲೇ ನಿಂತಿದ್ದವನು ಆಯಪ್ಪ. ಗಣಿ ಮುಚ್ಚಿದಾಗ ಒಬ್ಬ ಸಾಹೇಬರು ಊರು ಬಿಡುತ್ತಾ, ತಮ್ಮ ಅಪ್ಪನ ಕಾಲದ ಕಪ್ಪು ಕಾರನ್ನು ಆಯಪ್ಪನ ಕೈಗೆ ಕೊಟ್ಟು ಹೋದರು. ಬೇರೆಯವರ ಮನೆಗೆ ಪಾತ್ರೆ ಬಂತು, ಬೀರು ಬಂತು. ನಮ್ಮನೆಗೆ ಇದು ಬಂತು. ಏನು ಮಾಡುವುದು!

ಆಯಪ್ಪನಿಗೆ ಇದ್ದದ್ದು ಒಂದೇ ಆಸೆ. ಬಂಗಾರಪೇಟೆಯಿಂದ ಊರಿಗೆ ಬರುವ ಏರನ್ನು ಆ ಕಾರು ಎಲ್ಲೂ ನಿಲ್ಲದೆ ಹತ್ತಬೇಕು, ಪಕ್ಕದ ಸೀಟಿನಲ್ಲಿ ನಾನು ಕೂತಿರಬೇಕು. ನನ್ನ ಆಸೆಯೂ ಅದೇ. ಆದರೆ ನನಗೆ ಕಾರಿನ ಮೇಲೆ ಪ್ರೀತಿಯಿರಲಿಲ್ಲ, ಮಂಡಿ ನೋವಿತ್ತು.

ಮೊದಮೊದಲು ಚೆನ್ನಾಗಿಯೇ ಹತ್ತುತ್ತಿತ್ತು. ನನಗೆ ಅರವತ್ತೈದಾದ ಮೇಲಿನ ಎರಡು ವರ್ಷ ಅದಕ್ಕೆ ಶಕ್ತಿಯೇ ಇಲ್ಲದಂತಾಯಿತು. ಏರಿನ ಬುಡಕ್ಕೆ ಬಂದರೆ ಉಬ್ಬಸದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು, ಮೂತಿಯಿಂದ ಹಬೆ ಬರುತ್ತಿತ್ತು. ಆಯಪ್ಪ ನನ್ನ ಮುಖ ನೋಡಿ ಅನ್ನುತ್ತಿದ್ದ:

"ಇಳಿ."

"ಮೊನ್ನೆನೂ ನಾನೇ ಇಳ್ದಿದ್ದು. ಇವತ್ತು ನೀನಿಳಿ."

"ನಾನಿಳಿದ್ರೆ ಓಡ್ಸೋರ್ಯಾರೇ?"

"ಅದು ಓಡಿದ್ರೆ ತಾನೆ ಓಡ್ಸೋದು!"

ಇಳಿಯುತ್ತಿದ್ದೆ. ಒಂದು ದಿನ ಹಾಗೆ ಇಳಿದು, ದಾರಿಯಲ್ಲಿ ದಂಟಿನ ಸೊಪ್ಪು ಕೊಂಡು, ಪರಿಚಯದವಳ ಸೊಸೆಯ ದೂರು ಪೂರ್ತಿ ಕೇಳಿ ಮನೆಗೆ ಬಂದು ಸೊಪ್ಪು ಬಿಡಿಸಿಟ್ಟೆ. ಆಮೇಲೆ ಕಾರು ಬಂತು. ಇವತ್ತು ಯಾರಾದರೂ ಪಕ್ಕದಲ್ಲಿ ಕೂತು "ಇಳಿ" ಅಂದರೆ ಮಂಡಿ ಹೇಗಿದ್ದರೂ ಇಳಿಯುತ್ತೇನೆ. ಅನ್ನುವವರು ಯಾರು?

ಶಕ್ತಿ ಎಲ್ಲಿ ಹೋಯಿತು ಅಂತ ಆಯಪ್ಪ ಹುಡುಕದ ಜಾಗವಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ತಂದು ನನ್ನ ಗ್ಯಾಸ್ ಒಲೆಯ ಮೇಲೆ ಬದನೆಕಾಯಿಯಂತೆ ಸುಟ್ಟ. ಪೆಟ್ರೋಲ್ ಸೋಸಲು ನನ್ನ ಸೀರೆಯ ಸೆರಗು ಹರಿದ, ಅದೂ ಹಳೆಯ ಸೀರೆಯದಲ್ಲ! ಕಾರ್ಬುರೇಟರನ್ನು ಹಿಟ್ಟು ಕಲಸುವ ಬೋಗುಣಿಯಲ್ಲಿ ತೊಳೆದ. ಮೂರು ದಿನ ಮುದ್ದೆಗೆ ಪೆಟ್ರೋಲ್ ವಾಸನೆ. ಎಲ್ಲ ಆದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾರ ಜಾಸ್ತಿಯಾಗೈತೆ" ಅಂದ.

"ಯಾರ್ದು? ನನ್ನದಾ? ನಿನ್ನ ಹೊಟ್ಟೆ ಸ್ಟೇರಿಂಗಿಗೆ ತಗುಲ್ತೈತೆ, ಅದ್ನ ನೋಡ್ಕೋ!"

 ಮಾರನೆಯ ವಾರ ಆಯಪ್ಪ ನನ್ನನ್ನು ಮನೆಯಲ್ಲಿ ಬಿಟ್ಟು, ನನ್ನ ತೂಕದಷ್ಟು ರಾಗಿ ಮೂಟೆಯನ್ನು ನನ್ನ ಸೀಟಿನಲ್ಲಿ ಕೂರಿಸಿ ಏರಿಗೆ ಹೋದ. ಮೂಟೆ ಬೀಳಬಾರದೆಂದು ಹಗ್ಗ ಬೇರೆ ಕಟ್ಟಿದ್ದ. ನನಗೆ ಯಾವತ್ತಾದರೂ ಕಟ್ಟಿದ್ದನೇ? ಕಾರು ಅದೇ ಜಾಗದಲ್ಲಿ ನಿಂತಿತು. ಮನೆಗೆ ಬಂದವನು ಬಾಗಿಲಲ್ಲೇ ನಿಂತು, "ನಿಂದೇನೂ ತಪ್ಪಿಲ್ಲ ಕಣೇ" ಅಂದ. ನಲವತ್ತೈದು ವರ್ಷದ ಸಂಸಾರದಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ಅದೂ ರಾಗಿ ಮೂಟೆಯ ದಯೆಯಿಂದ!

ಇನ್ನೊಂದು ಹೇಳಬೇಕು. ಕಂಪ್ರೆಸರ್ ಮನೆಯಲ್ಲಿ ಕಬ್ಬಿಣದ ಸರಳಿನ ಒಂದು ತುದಿಯನ್ನು ಯಂತ್ರಕ್ಕೆ, ಇನ್ನೊಂದನ್ನು ಕಿವಿಗೆ ಒತ್ತಿ, ಒಳಗಿನ ರೋಗ ಹೇಳುತ್ತಿದ್ದರಂತೆ. ಕಾರಿಗೂ ಆಯಪ್ಪ ಅದನ್ನೇ ಮಾಡುತ್ತಿದ್ದ. ಅಳತೆ ನೋಡುವ ಸಾಮಾನು ಮುಟ್ಟುತ್ತಿರಲಿಲ್ಲ. "ಕಿವಿ ಇರೋನಿಗೆ ಅಳತೆ ಯಾಕೆ?" ಅನ್ನುತ್ತಿದ್ದ. ಆ ಎರಡು ವರ್ಷದಲ್ಲಿ ಸರಳು ಕಿವಿ ಬಿಟ್ಟು ಬಾಯಿಗೆ ಬಂತು. ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಬಾನೆಟ್ಟಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದ. "ಯಾಕಮ್ಮ, ಮನೇಲಿ ಊಟ ಆಕಲ್ವಾ? ಕಾರು ತಿಂತಾವ್ರೆ!" ಅಂತ ಎದುರುಮನೆಯವಳು ನಗುತ್ತಿದ್ದಳು. ನಾನೂ ನಕ್ಕೆ. ಯಾಕೆ ಕಚ್ಚುತ್ತಾನೆ ಅಂತ ಯೋಚಿಸಲಿಲ್ಲ.

ಕೊನೆಗೆ ಸಾಕಾಗಿ, ನಾನೇ ಬಲವಂತ ಮಾಡಿ ಬಂಗಾರಪೇಟೆಯ ಒಬ್ಬ ಮೇಸ್ತ್ರಿಯ ಶೆಡ್ಡಿಗೆ ಕಾರು ಹಾಕಿಸಿದೆ. ತಮಿಳಿನವನು, ಐವತ್ತು ದಾಟಿದವನು, ಆಯಪ್ಪನಿಗೆ ಮರ್ಯಾದೆ ಕೊಡುವವನು. ಇಂಜಿನ್ ಚಾಲೂ ಮಾಡಿ ಒಂದು ನಿಮಿಷವೂ ಆಗಲಿಲ್ಲ, ಹೇಳಿಬಿಟ್ಟ:

"ಅಣ್ಣೇ, ಬೇರೇನೂ ಇಲ್ಲ. ಟೈಮಿಂಗ್ ಇಂದಕ್ಕೋಗೈತೆ. ಕಿಡಿ ಲೇಟಾಗಿ ಬೀಳ್ತೈತೆ. ಅದ್ಕೇ ಬಿಸಿ, ಅದ್ಕೇ ಶಕ್ತಿ ಇಲ್ಲ. ಯಾರಣ್ಣೇ ಇಟ್ಟಿದ್ದು?"

"ನಾನೇ ಇಟ್ಟಿದ್ದು. ಕಿವೀಲಿ ಕೇಳಿ ಇಟ್ಟಿದ್ದು. ನೀ ಮುಟ್ಬೇಡ, ದೂರ ನಿಲ್ಲು!"

ಆಯಪ್ಪ ತಾನೇ ಬಗ್ಗಿದ. ಕಿಡಿ ಹಂಚುವ ಒಂದು ಡಬ್ಬಿ ಇರುತ್ತದೆ, ಡಿಸ್ಟ್ರಿಬ್ಯೂಟರ್ ಅಂತ. ಅದರ ಬೋಲ್ಟು ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸಿದರೆ ಇಂಜಿನ್ನಿನ ಸ್ವರವೇ ಬೇರೆಯಾಗುತ್ತದೆ. ತಿರುಗಿಸಿದ. ಸದ್ದು ಏರಿತು, ತುಂಬಿಕೊಂಡಿತು. ನನಗೇ ಗೊತ್ತಾಯಿತು, ಇದೇ ಅಂತ. ಆಯಪ್ಪ ಅದನ್ನು ದಾಟಿ ಹೋದ. ಮತ್ತೆ ಹಿಂದಕ್ಕೆ ಬಂದ, ಮತ್ತೆ ದಾಟಿದ.

"ನಿಲ್ಸು! ಅಲ್ಲೇ!" ಅಂದೆ.

ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಹೋಗಿ ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಅಂಗಡಿಯವನು ಎದ್ದು ಬಂದ. ಆಯಪ್ಪ ಏಳಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಇಬ್ಬರೂ ನೆಲ ನೋಡಿದೆವು.

ಇಷ್ಟು ದಿನ ನನ್ನ ಮಾತಿಗೆ ಉತ್ತರ ಕೊಡದಿದ್ದಾಗೆಲ್ಲ ಕೊಬ್ಬು ಅಂದುಕೊಂಡಿದ್ದೆ. ಎದುರು ನಿಂತು ಬೈದರೆ ಸರಿಯಾಗಿ ತಿರುಗಿ ಬೈಯುತ್ತಿದ್ದನಲ್ಲ! ಕಿವಿ ಕೇಳದೆ ಸರಳು ಕಚ್ಚಿ ಹಲ್ಲಿನಲ್ಲಿ ಸದ್ದು ಹುಡುಕುತ್ತಿದ್ದನೆಂದು, ತುಟಿ ನೋಡಿಕೊಂಡು ಬೈಯುತ್ತಿದ್ದನೆಂದು ನನಗೇನು ಗೊತ್ತು?

 ಹತ್ತಿರ ಹೋಗಿ ಆಯಪ್ಪನ ಹೆಗಲ ಮೇಲೆ ಕೈ ಇಟ್ಟೆ. ಡಬ್ಬಿ ತಿರುಗಿತು, ಸದ್ದು ತುಂಬಿತು. ಮೇಸ್ತ್ರಿ ನನಗೆ ಕಣ್ಣಲ್ಲೇ, ಇನ್ನೊಂದು ಚೂರು ಹಿಂದೆ, ಅಂದ. ಅಲ್ಲಿಗೆ ಬಂದಾಗ ಹೆಗಲನ್ನು ಗಟ್ಟಿಯಾಗಿ ಚಿವುಟಿದೆ. ಕೈ ನಿಂತಿತು. ನನ್ನ ಕಡೆ ನೋಡದೆ, ತಲೆ ಎತ್ತದೆ, ಆಯಪ್ಪ ಬೋಲ್ಟು ಬಿಗಿ ಮಾಡಿದ.

ಏರಿನ ಬುಡ ಬಂದಾಗ ನಾನು ಅಭ್ಯಾಸಬಲದಿಂದ ಬಾಗಿಲ ಹಿಡಿಗೆ ಕೈ ಹಾಕಿದೆ. ಆಯಪ್ಪ ಆ ಕೈ ಹಿಡಿದು ನನ್ನ ಮಡಿಲಲ್ಲಿಟ್ಟ. ಕಾರು ಹತ್ತಿತು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ ಕಾಣುವವರೆಗೆ ಎಲ್ಲೂ ನಿಲ್ಲಲಿಲ್ಲ.

"ಎಂಗೆ ಕೇಳುಸ್ತೈತೆ?" ಅಂದ.

ಏನಂತ ಹೇಳಲಿ? ಅಂಥ ಮಾತೆಲ್ಲ ನನಗೆ ಬರುತ್ತದೆಯೇ? ಎದುರಾಗಿ ತಿರುಗಿ, ಬಾಯಿ ಅಗಲ ಮಾಡಿ ಹೇಳಿದೆ: "ರಾಗಿ ಬೀಸೋವಾಗ ಕಾಳು ಎಚ್ಚೂ ಬೀಳದಂಗೆ, ಕಡ್ಮೆನೂ ಬೀಳದಂಗೆ ಬಿದ್ರೆ ಕಲ್ಲು ಒಂದೇ ಸಮ ಗೂಂ ಅಂತದಲ್ಲ, ಅಂಗೆ."

"ಇನ್ನೊಂದ್ಸಲ ಏಳು."

"ರಸ್ತೆ ನೋಡಯ್ಯ!"

"ರಸ್ತೆ ಎಲ್ಲೂ ಓಗಲ್ಲ. ನೀನೇಳು."

ಮನೆ ಬಂತು. ಆಯಪ್ಪ ನಿಲ್ಲಿಸಲಿಲ್ಲ. ರೈಲು ಹಳಿ ಮುಗಿಯುವ ಮಾರಿಕುಪ್ಪಂವರೆಗೆ ಹೋಗಿ, ಅಲ್ಲಿ ಇಂಜಿನ್ ಆರಿಸದೆ ಕಾರು ನಿಲ್ಲಿಸಿ, ನನ್ನ ಬಾಯಿಯನ್ನೇ ನೋಡುತ್ತಾ ಕೂತ. ನಾನು ಹೇಳುತ್ತಾ ಹೋದೆ. ಜೇನುಗೂಡು ಅಂದೆ, ಕುದಿಯುವ ಎಸರು ಅಂದೆ, ನಿದ್ದೆ ಹೋದ ಮಗು ಅಂದೆ. ಪೆಟ್ರೋಲ್ ಅರ್ಧ ಅಲ್ಲೇ ಉರಿದುಹೋಯಿತು.

ಆ ರಾತ್ರಿ ಮಲಗಿದರೂ ಯೋಚನೆ ಬಿಡಲಿಲ್ಲ. ಸಕ್ಕರೆ ಕಾಯಿಲೆ ಇದ್ದವಳು ನಾನು, ಆಯಪ್ಪ ಕಲ್ಲುಗುಂಡು. ಮೊದಲು ಹೋಗುವವಳು ನಾನೇ ಅಂತ ತಿಳಿದಿದ್ದೆ. ನಾನು ಹೋದ ಮೇಲೆ ಡಬ್ಬಿ ಮತ್ತೆ ಕದಲಿದರೆ ಇವನ ಹೆಗಲು ಚಿವುಟುವವರು ಯಾರು?

ಮಾರನೆಯ ಬೆಳಿಗ್ಗೆ ಆಯಪ್ಪ ಏಳುವ ಮೊದಲು ಬಾನೆಟ್ ಎತ್ತಿ, ಆ ಡಬ್ಬಿಯಿಂದ ಅದರ ಕೆಳಗಿನ ಇಂಜಿನ್ನಿನವರೆಗೆ ಮೊಳೆಯಿಂದ ನೆಟ್ಟಗೆ ಒಂದು ಗೆರೆ ಗೀರಿದೆ, ಡಬ್ಬಿ ಕದಲಿದರೆ ಗೆರೆಯ ಎರಡು ತುಂಡು ಕೂಡುವಂತೆ ತಿರುಗಿಸಿದರಾಯಿತು ಅಂತ. ಮತ್ತೆ ಅದರ ಮೇಲೆಯೇ ನಾಲ್ಕು ಸಲ ಗೀರಿದೆ, ನಾಳೆ ಆಯಪ್ಪನ ಕಣ್ಣು ಮಂಜಾದರೂ ಬೆರಳಿಗೆ ಸಿಗಲಿ ಅಂತ.