ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿ ಉಂಟು?

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪಾಯಸ ಸಿಗಬೇಕಾದರೆ ಮೊದಲು ಒಂದು ಪರೀಕ್ಷೆ ಪಾಸಾಗಬೇಕು! ಸ್ವೀಡನ್ನಿನ ನಾರ್‌ಶೋಪಿಂಗ್‌ಗೆ ಹೊಸದಾಗಿ ಬಂದ ಕನ್ನಡದವರನ್ನು ಉಳಿದವರೆಲ್ಲ "ಕೆಲಸ ಹೇಗಿದೆ? ಕರಿಬೇವು ಎಲ್ಲಿ ಸಿಗುತ್ತೆ ಗೊತ್ತಾಯ್ತಾ?" ಎಂದು ವಿಚಾರಿಸಿಕೊಳ್ಳುತ್ತಾರೆ. ಚಿಕ್ಕಮ್ಮ ಕೇಳುವುದು ಒಂದೇ ಪ್ರಶ್ನೆ.

"ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿ ಉಂಟು?"

ಕಳೆದ ವರ್ಷ ಬೆಂಗಳೂರಿನಿಂದ ಬಂದ ಹೊಸ ಜೋಡಿಯೊಂದು ಊಟಕ್ಕೆ ಬಂದಿತ್ತು. ಪಾಯಸದ ಬಟ್ಟಲು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬಂತು. ಪಾಪ, ಹುಡುಗ ತಡವರಿಸಿದ.

"ವಾಲ್ವಾ? ಅದು ಓನರ್‌ಗೆ ಗೊತ್ತಿರುತ್ತೆ ಆಂಟಿ."

"ಪೈಪ್ ಒಡೆದಾಗ ಓನರ್ ನಿಮ್ಮ ಜೊತೆ ಮಲಗಿರ್ತಾನಾ?"

ಬಟ್ಟಲು ಒಳಗೆ ಹೋಯಿತು. ಚಿಕ್ಕಮ್ಮ ಜಾಕೆಟ್ ಹಾಕಿಕೊಂಡರು. ಮೂವರೂ ಬಸ್ಸು ಹತ್ತಿ ಅವರ ಬಾಡಿಗೆ ಮನೆಗೆ ಹೋಗಿ, ವಾಶಿಂಗ್ ಮಶೀನಿನ ಹಿಂದೆ ಅಡಗಿದ್ದ, ಇಡೀ ಮನೆಯ ನೀರು ನಿಲ್ಲಿಸುವ ಆ ವಾಲ್ವನ್ನು ಪತ್ತೆ ಮಾಡಿ, ಗಂಡ ಹೆಂಡತಿ ಇಬ್ಬರ ಕೈಯಿಂದಲೂ ಎರಡೆರಡು ಸಲ ತಿರುಗಿಸಿ ಬಂದ ಮೇಲೆಯೇ ಪಾಯಸ. ಅಷ್ಟರಲ್ಲಿ ಅದು ಗಟ್ಟಿಯಾಗಿ ಬರ್ಫಿಯಾಗಿತ್ತು!

ಇವರು ನನ್ನ ಅಮ್ಮನ ತಂಗಿ. ಕುಂದಾಪುರದವರು. ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಬಹಳ ವರ್ಷಗಳಿಂದ ನರ್ಸ್. ದಿನವಿಡೀ ಅಜ್ಜ ಅಜ್ಜಿಯರ ಜ್ವರ ನೋಡಿದ್ದು ಸಾಲದು ಎಂಬಂತೆ, ಚಳಿಗಾಲ ಬಂತೆಂದರೆ ಮನೆಗಳ ಜ್ವರವನ್ನೂ ನೋಡುತ್ತಾರೆ. ನಮ್ಮ ಮನೆ ಅವರ ಮನೆಯಿಂದ ಎರಡೇ ಬೀದಿ ಆಚೆ. ಅಂದ ಮೇಲೆ ನಾನು ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಅಕ್ಟೋಬರ್ ಮುಗಿಯುವ ಮೊದಲೇ ನಮ್ಮ ಅಂಗಳಕ್ಕೆ ಬಂದು, ಹೆಪ್ಪುಗಟ್ಟಿ ಪೈಪ್ ಸೀಳದಿರಲೆಂದು ಹೊರಗಿನ ನಲ್ಲಿಯ ನೀರನ್ನೆಲ್ಲ ಖಾಲಿ ಮಾಡಿಸುತ್ತಾರೆ. ಏಣಿ ಹತ್ತಿ ಮಳೆನೀರು ಹರಿಯುವ ಮಾಡಿನ ದೋಣಿಯಲ್ಲಿ ಕೂತ ಎಲೆಗಳನ್ನು ಬಾಚಿ ತೆಗೆಯುತ್ತಾರೆ. ಒಮ್ಮೆ ನನ್ನ ಉಣ್ಣೆಯ ಸ್ಕಾರ್ಫ್ ಹುಡುಕಿ ಹುಡುಕಿ ಸುಸ್ತಾದೆ. ಕಡೆಗೆ ನೋಡಿದರೆ ಅದು ನೆಲಮಾಳಿಗೆಯ ಪೈಪಿನ ಕುತ್ತಿಗೆಯಲ್ಲಿ ಬೆಚ್ಚಗಿದೆ!

"ಚಿಕ್ಕಮ್ಮ, ಅದು ನನ್ನದು!"

"ನಿನಗೆ ಚಳಿ ಆದ್ರೆ ನೀನು ಬಾಯಿಬಿಟ್ಟು ಹೇಳ್ತಿ. ಪೈಪ್ ಹೇಳ್ತದಾ?"

ಆ ಚಳಿಗಾಲಕ್ಕೆ ನಾನು ಇನ್ನೊಂದು ಸ್ಕಾರ್ಫ್ ಕೊಂಡೆ.

ಮಕ್ಕಳಿಗೂ ಬಿಡುವಿಲ್ಲ. ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರ್ ಒಂದು ದಿನ "ಚಳಿಗಾಲದಲ್ಲಿ ಮನೆಯಿಂದ ಹೊರಡುವ ಮುಂಚೆ ಏನು ಮಾಡಬೇಕು?" ಎಂದು ಕೇಳಿದರಂತೆ. ಬೇರೆ ಮಕ್ಕಳು ಟೋಪಿ ಎಂದರು, ಗ್ಲೌಸ್ ಎಂದರು. ನನ್ನ ಮಗಳು ಎದ್ದು ನಿಂತು "ಸ್ಟೆಂಗ್ ಆವ್ ವಾತ್ನೆತ್!" ಎಂದಳಂತೆ. ನೀರು ಬಂದ್ ಮಾಡಬೇಕು! ಸಂಜೆ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಮೆಲ್ಲಗೆ ವಿಚಾರಿಸಿದರು.

ಹೀಗಿರುವಾಗ ಈ ಜನವರಿಯಲ್ಲಿ ಊರಿನಲ್ಲಿ ನನ್ನ ತಮ್ಮನ ಮದುವೆ ಗೊತ್ತಾಯಿತು. ಚಿಕ್ಕಮ್ಮನಿಗೆ ರಜೆ ಸಿಗಲಿಲ್ಲ. ಎತ್ತಿ ಆಡಿಸಿದ ಹುಡುಗನ ಮದುವೆ! ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ನಮ್ಮ ಮನೆಯ ಇನ್ನೊಂದು ಕೀಲಿ ಇಸಿದುಕೊಂಡರು. ಮುಹೂರ್ತವನ್ನು ನಮ್ಮ ದೊಡ್ಡ ಟಿ.ವಿ.ಯಲ್ಲಿ ನೋಡುತ್ತಾರಂತೆ. ಜೊತೆಗೆ ಆಜ್ಞೆಗಳು: ಹೀಟಿಂಗ್ ಪೂರ್ತಿ ತಗ್ಗಿಸಬಾರದು, ಪೈಪಿಗೆ ಬಿಸಿ ತಾಗುವಂತೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಬೇಕು, ವಾಲ್ವ್ ಬಂದ್ ಮಾಡಬೇಕು.

ಹೊರಡುವ ಗಡಿಬಿಡಿಯಲ್ಲಿ ಹೀಟಿಂಗ್ ತಗ್ಗಿಸಿದ್ದು ನೆನಪಿದೆ. ಉಳಿದದ್ದು ಯಾವುದೂ ಇಲ್ಲ. ಸ್ಟಾಕ್‌ಹೋಮ್ ರೈಲಿನಲ್ಲಿ ಕೂತಿದ್ದಾಗ ಫೋನ್ ಬಂತು.

"ವಾಲ್ವ್ ಬಂದ್ ಮಾಡಿದ್ಯಾ?"

"ಹ್ಞಾಂ, ಮಾಡಿದೆ ಚಿಕ್ಕಮ್ಮ."

ಸುಳ್ಳು! ಅಚ್ಚ ಸುಳ್ಳು. ಇಷ್ಟು ವರ್ಷ ಏನೂ ಆಗದ್ದು ಎರಡು ವಾರದಲ್ಲಿ ಆಗುತ್ತದೆಯೇ ಎಂದುಕೊಂಡೆ. ನನ್ನ ಮಾತು ನಂಬಿದ ಚಿಕ್ಕಮ್ಮ, ಬಿಡುವಿಲ್ಲದ ಡ್ಯೂಟಿಯ ನಡುವೆ ನಮ್ಮ ಮನೆ ಕಡೆ ಹೋಗಲಿಲ್ಲ.

ಮುಹೂರ್ತಕ್ಕೆ ಸ್ವಲ್ಪ ಮೊದಲು ಚಿಕ್ಕಮ್ಮನ ವೀಡಿಯೊ ಕಾಲ್ ಬಂತು. ಮೆರೂನ್ ಬಣ್ಣದ ರೇಷ್ಮೆ ಸೀರೆ, ಮೂಗುತಿ, ಹಣೆ ತುಂಬ ಕುಂಕುಮ. ಅಮ್ಮ ಫೋನನ್ನು ಇಡೀ ಮಂಟಪದಲ್ಲಿ ಮೆರವಣಿಗೆ ಮಾಡಿಸಿದಳು.

"ಟಿ.ವಿ.ಯಲ್ಲಿ ಹಾಕ್ಲಿಲ್ವಾ ಚಿಕ್ಕಮ್ಮ?" ಎಂದೆ.

"ಫೋನೇ ಸಾಕು. ಹತ್ತಿರದಿಂದ ಕಾಣ್ತದೆ."

"ಅದೇನು ನೀರಿನ ಸದ್ದು?"

"ನಿನ್ನ ಚಿಕ್ಕಪ್ಪ ಸ್ನಾನ ಮಾಡ್ತಿದ್ದಾರೆ."

"ನಮ್ಮ ಮನೇಲಾ? ಮನೆ ಸರಿ ಇದೆ ತಾನೆ?"

"ಮನೆಗೆ ಎಂತ ಆಗ್ತದೆ? ನೀನು ಮೊದಲು ಅಕ್ಷತೆ ಹಾಕು!"

ಅಕ್ಷತೆ ಹಾಕಿದೆ. ಆಮೇಲೂ ದಿನಾ ಫೋನ್ ಮಾಡುತ್ತಿದ್ದೆ. ದಿನಾ ಒಂದೇ ಉತ್ತರ: "ಎಲ್ಲ ಸರಿ ಉಂಟು. ನೀನು ಅಮ್ಮನ ಜೊತೆ ಹಾಯಾಗಿರು."

ವಾಪಸ್ಸು ಬಂದು ಬಾಗಿಲು ತೆರೆದರೆ, ಒಳಗೆ ವಿಮಾನ ಹೊರಡುವಂಥ ಸದ್ದು! ಹಾಲ್‌ನ ನಡುವೆ ಒಂದು ದೊಡ್ಡ ಒಣಗಿಸುವ ಯಂತ್ರ ಗುಡುಗುತ್ತಿತ್ತು. ಅಡುಗೆಮನೆಯ ನೆಲದ ಹಲಗೆಗಳೇ ಇರಲಿಲ್ಲ. ಕಾರ್ಪೆಟ್ಟುಗಳು ಮೆಟ್ಟಿಲ ಕಂಬಿಯ ಮೇಲೆ ಜೋತುಬಿದ್ದಿದ್ದವು. ಸೋಫಾದ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದ ಚಿಕ್ಕಮ್ಮ ಎದ್ದು ಬಂದರು.

"ಶೂ ತೆಗೀಬೇಡಿ. ಗಂಜಿ ಬಿಸಿ ಉಂಟು, ಮೊದಲು ಉಣ್ಣಿ."

ನಡೆದದ್ದನ್ನು ಚಿಕ್ಕಪ್ಪ ಹೇಳಿದರು. ಹೊರಗೋಡೆಗೆ ತಾಗಿದ್ದ ಪೈಪು ಹೆಪ್ಪುಗಟ್ಟಿ ಸೀಳಿತ್ತು. ಮದುವೆಯ ದಿನದ ಹೊತ್ತಿಗೆ ಚಳಿ ಇಳಿದು ಮಂಜುಗಡ್ಡೆ ಕರಗಿ, ಸೀಳಿನಿಂದ ನೀರು ಸುರಿಯತೊಡಗಿತ್ತು. ಇವರು ಬಾಗಿಲು ತೆರೆದಾಗ ಒಳಗೆಲ್ಲ ಪಾದ ಮುಳುಗುವಷ್ಟು ನೀರು. ವಾಲ್ವ್ ತಿರುಗಿಸಿ, ಅಡುಗೆಮನೆಯ ಕರೆಂಟ್ ತೆಗೆದು, ವಿಮೆಯವರಿಗೆ ಬೇಕೆಂದು ಫೋಟೋ ತೆಗೆದು, ಬಕೆಟ್ ಹಿಡಿಯುವಷ್ಟರಲ್ಲಿ ಮುಹೂರ್ತ ಬಂದೇಬಿಟ್ಟಿತ್ತು.

ಚಿಕ್ಕಪ್ಪ ತಮ್ಮ ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದರು. ಹಾಲ್‌ನ ಬಿಳಿ ಗೋಡೆಗೆ ಒರಗಿ, ಫೋನ್ ಎತ್ತಿ ಹಿಡಿದು ಚಿಕ್ಕಮ್ಮ ನಗುತ್ತಿದ್ದಾರೆ. ಮೆರೂನ್ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದಾರೆ. ಕಾಲಿಗೆ ನನ್ನ ಗಂಡನ ರಬ್ಬರ್ ಬೂಟು. ಸುತ್ತ ನೀರು.

"ಒಂದು ಮಾತು ಹೇಳ್ಬಾರದಿತ್ತಾ ಚಿಕ್ಕಮ್ಮ?" ಎಂದೆ.

"ಹೇಳಿದ್ರೆ ನೀನು ಮಂಟಪದಲ್ಲಿ ಕೂತು ಅಳ್ತಿದ್ದಿ. ಅಲ್ಲಿಂದ ನೀರು ಎತ್ತಿ ಹಾಕ್ಲಿಕ್ಕೆ ಆಗ್ತಿತ್ತಾ?"

ಸುಳ್ಳು ಹೇಳಿದ್ದರ ಬಗ್ಗೆ ಬೈಯುತ್ತಾರೆಂದು ಕಾದೆ. ಆ ಮಾತನ್ನೇ ಎತ್ತಲಿಲ್ಲ. ಮಗಳ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿದರು. ನನಗೆ ತಡೆಯಲಾಗಲಿಲ್ಲ. ಬಗ್ಗಿ ಅವರ ಕಾಲಿಗೆ ಹಣೆ ಹಚ್ಚಿದೆ.

ತಲೆಯ ಮೇಲೆ ಒಂದು ಕ್ಷಣ ಅವರ ಕೈ ನಿಂತಿತು.

"ಏಳು, ಏಳು ಮಾರಾಯ್ತಿ," ಎಂದರು. "ನೆಲ ಇನ್ನೂ ಪೂರ್ತಿ ಒಣಗ್ಲಿಲ್ಲ."