ಮನೆಗೊಂದು ಎಲುಬು

ಎಲುಬಿನ ಫೋಟೋ ತೆಗೆಯುವ ಕೆಲಸದಲ್ಲಿ ನಗುವಂಥದ್ದು ಏನಿದೆ ಎಂದು ಕೆಲವರು ಕೇಳುತ್ತಾರೆ. ಐವತ್ತರ ದಶಕ ಮುಗಿದು ಅರವತ್ತರದ್ದು ಶುರುವಾಗುವ ಹೊತ್ತಿಗೆ ನಾನು ಪುತ್ತೂರಿನ ಒಬ್ಬ ಡಾಕ್ಟರ ಕತ್ತಲೆಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುತ್ತಿದ್ದೆ. ವಾರಕ್ಕೊಂದಾದರೂ ನಗುವಂಥದ್ದು ನಡೆಯದಿದ್ದರೆ ಆ ವಾರ ಯಂತ್ರ ಕೆಟ್ಟಿತ್ತು ಎಂದೇ ಅರ್ಥ.

ನಮ್ಮ ಡಾಕ್ಟರಿಗೆ ಒಂದು ಹುಚ್ಚಿತ್ತು. ವಯಸ್ಸಾದ ಹೆಂಗಸರ ಎಲುಬು ಒಳಗಿಂದೊಳಗೇ ಸವೆಯುತ್ತದೆ, ಅದನ್ನು ಮುರಿಯುವ ಮೊದಲೇ ಕಂಡುಹಿಡಿಯಬೇಕು ಎಂಬುದು. ಯಾವುದೋ ಪರದೇಶದ ಪತ್ರಿಕೆ ಓದಿ, ಪಾತ್ರೆ ರಿಪೇರಿಯವನಿಂದ ಅಲ್ಯೂಮಿನಿಯಮ್ಮಿನ ಪುಟ್ಟದೊಂದು ಮೆಟ್ಟಿಲಸಾಲು ಮಾಡಿಸಿದ್ದರು. ಅದನ್ನು ಕೈಯ ಪಕ್ಕದಲ್ಲಿಟ್ಟು ಫಿಲ್ಮು ತೆಗೆಯುವುದು. ದಪ್ಪ ಮೆಟ್ಟಿಲು ಬೆಳ್ಳಗೆ, ತೆಳು ಮೆಟ್ಟಿಲು ಮಸುಕಾಗಿ ಮೂಡುತ್ತದೆ. ಎಲುಬಿನ ಬಿಳುಪು ಯಾವ ಮೆಟ್ಟಿಲಿಗೆ ಹೊಂದುತ್ತದೆ ಎಂದು ನೋಡಿದರೆ ಅದು ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಈ ಹುಚ್ಚು ನನಗೂ ಹಿಡಿಯಿತು. ನನ್ನ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಮಲಗಿದವರು ಮತ್ತೆ ಏಳಲೇ ಇಲ್ಲ. ಈಗ ಕಾಣಿಯೂರಿನಲ್ಲಿದ್ದ ಅಮ್ಮನ ಬೆನ್ನೂ ಅಜ್ಜಿಯದರಂತೆ ಬಾಗತೊಡಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅಮ್ಮ ಮಾತ್ರ ಪರೀಕ್ಷೆಯ ಮಾತೆತ್ತಿದರೆ ಸಾಕು, ಕೊಡ ಎತ್ತಿ ಸೊಂಟಕ್ಕಿಟ್ಟು ಬಾವಿಗೆ ಹೋಗುತ್ತಿದ್ದಳು.

ಎರಡೆರಡು ಸಲ ಬಸ್ಸು

ಎಲುಬು ಮುರಿಯದವರನ್ನು ಎಕ್ಸ್‌ರೇಗೆ ಕರೆಯುವುದು ಸುಲಭವಲ್ಲ. ನರಿಮೊಗರಿನಿಂದ ಜ್ವರದ ಮದ್ದಿಗೆ ಬಂದ ಒಬ್ಬರಿಗೆ ಡಾಕ್ಟರು ಅರ್ಧ ಗಂಟೆ ವಿವರಿಸಿದರು.

"ನಿಮ್ಮ ತಾಯಿಯನ್ನು ಒಮ್ಮೆ ಕರ್ಕೊಂಡು ಬನ್ನಿ. ಪರೀಕ್ಷೆ ಧರ್ಮಕ್ಕೆ."

"ಅವರಿಗೆ ಎಂತದೂ ಆಗ್ಲಿಲ್ಲ ಡಾಕ್ಟ್ರೇ."

"ಆಗುವ ಮೊದಲೇ ನೋಡುದು. ಎಲುಬು ಸವೆದಿದ್ರೆ ನಾಳೆ ಮುರೀಬಹುದು."

ಅವರು ತುಂಬಾ ಯೋಚಿಸಿ ಹೇಳಿದರು: "ಹಾಗಾದ್ರೆ ಮುರಿದ ಮೇಲೇ ಕರ್ಕೊಂಡು ಬರ್ತೇನೆ. ಎರಡೆರಡು ಸಲ ಬಸ್ಸು ಎಂತಕ್ಕೆ?"

ಹಲಸಿನ ಪರೀಕ್ಷೆ

ಐವರ್ನಾಡಿನಿಂದ ಒಬ್ಬ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಬಂದರು. ಹಲಸಿನಕಾಯಿ ತಟ್ಟಿ ನೋಡಿ ಹಣ್ಣಾಗುವ ದಿನ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲವಂತೆ. ಅವರಿಗೆ ಯಂತ್ರದ ಮೇಲೆ ನಂಬಿಕೆಯಿಲ್ಲ. ಡಾಕ್ಟರು ಮೆಟ್ಟಿಲಸಾಲು ಹೊಂದಿಸುತ್ತಿರುವಾಗಲೇ ಹೆಂಡತಿಯ ಮೊಣಕೈಯನ್ನು ಬೆರಳಗಂಟಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಇದು ಇನ್ನೂ ಕಾಯಿ. ಹತ್ತು ವರ್ಷಕ್ಕೆ ಎಂತದೂ ಆಗುದಿಲ್ಲ" ಎಂದರು. ಮೊಣಕಾಲನ್ನೂ ತಟ್ಟಿದರು. ಅದೂ ಕಾಯಿಯೇ.

ಹೆಂಡತಿ ಕೈಯೆತ್ತಿ ಗಂಡನ ತಲೆಯನ್ನು ಎರಡು ಸಲ ತಟ್ಟಿ, ಡಾಕ್ಟರ ಕಡೆಗೆ ತಿರುಗಿ, "ಇದರ ಫೋಟೋ ತೆಗೀಲಿಕ್ಕೆ ಆಗ್ತದಾ? ಟೊಳ್ಳು ಶಬ್ದ ಬರುದು ಇಲ್ಲಿ ಮಾತ್ರ!" ಎಂದರು.

ಕಾಣಿಯೂರಿನ ನೀರು

ಕೊನೆಗೂ ನಮ್ಮ ಕಾಣಿಯೂರಿನ ಹೆಂಗಸರು ಪರೀಕ್ಷೆಗೆ ಬರತೊಡಗಿದರು. ಒಂದೊಂದು ಸೋಮವಾರ ಒಬ್ಬೊಬ್ಬರು, ಹೆಸರು ಬರೆದ ಚೀಟಿ ಹಿಡಿದುಕೊಂಡು. ಸೋಮವಾರ ಪುತ್ತೂರಿನ ಸಂತೆ. ಆ ದಿನ ನನಗೆ ಕತ್ತಲೆಕೋಣೆಯಿಂದ ತಲೆ ಹೊರಗೆ ಹಾಕಲು ಪುರುಸೊತ್ತಿರುತ್ತಿರಲಿಲ್ಲ. ಡಾಕ್ಟರಿಗೋ, ಕೈ ಕಂಡರೆ ಮುಖ ಕಾಣುವುದಿಲ್ಲ. ಐದನೆಯ ಸೋಮವಾರ ಅವರು ಕೋಣೆಯ ಬಾಗಿಲು ಬಡಿದರು.

"ನಿನ್ನ ಅಮ್ಮ ಬಂದು ಹೋದ್ರು ಮಾರಾಯ! ಎಲುಬು ಕಬ್ಬಿಣ!"

ನನಗೆ ಹೇಳದೆ ಬಂದು ಹೋದಳಲ್ಲ ಎಂದು ಬೇಸರವೇನೂ ಆಗಲಿಲ್ಲ. ಕತ್ತಲೆಕೋಣೆಯ ಒಂದು ಉಪಕಾರವೆಂದರೆ, ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ. ನಾನು ಅಳುತ್ತಲೇ ಮುಂದಿನವರ ಫಿಲ್ಮು ತೊಳೆದೆ.

ಐದು ಮನೆಯ ಹೆಂಗಸರು, ಐದೂ ಕೈ ಗಟ್ಟಿ! ಇದಕ್ಕೆ ಕಾರಣ ಕಾಣಿಯೂರಿನ ನೀರೇ ಎಂದು ಡಾಕ್ಟರು ತೀರ್ಮಾನಿಸಿದರು. ನನ್ನಿಂದ ಎರಡು ಬಾಟ್ಲಿ ನೀರು ತರಿಸಿದರು. ಒಂದನ್ನು ಪರೀಕ್ಷೆಗೆ ಇಟ್ಟುಕೊಂಡು ಇನ್ನೊಂದನ್ನು ತಾವೇ ಕುಡಿದರು. ಸುಳ್ಯದಿಂದ ತಮ್ಮ ಡಾಕ್ಟರ್ ಗೆಳೆಯರೊಬ್ಬರನ್ನು ಕರೆಸಿ, ಐದೂ ಫಿಲ್ಮುಗಳನ್ನು ಕಿಟಕಿಗೆ ಸಾಲಾಗಿ ತೂಗುಹಾಕಿಸಿದರು.

ಸುಳ್ಯದವರು ಆ ತುದಿಯಿಂದ ಈ ತುದಿಗೆ ಎರಡು ಸಲ ನೋಡಿದರು. "ಅಲ್ಲ ಮಾರಾಯ್ರೇ, ಕಾಣಿಯೂರಿನಲ್ಲಿ ಎಲ್ಲರ ಕಿರುಬೆರಳೂ ಸೊಟ್ಟವಾ?"

ನಮ್ಮ ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಐದರಲ್ಲೂ ಕಿರುಬೆರಳು ಒಂದೇ ರೀತಿ ಹೊರಗೆ ಬಾಗಿತ್ತು. "ಅದೂ ನೀರಿನಿಂದಲೇ ಇರ್ಬೇಕು" ಎಂದರು.

ಮನೆಯ ಪರವಾಗಿ

ಕತ್ತಲೆಯಲ್ಲಿ ಒಂದೊಂದಾಗಿ ತೊಳೆಯುವಾಗ ಗಮನಿಸಿರಲಿಲ್ಲ, ಆದರೆ ಆ ಬೆರಳು ನನಗೆ ಗೊತ್ತು. ಅದು ನಮ್ಮ ಮೇಲಿನ ಮನೆಯ ದೊಡ್ಡಕ್ಕನದು. ಸಣ್ಣವಳಿದ್ದಾಗ ದನದ ಹಗ್ಗಕ್ಕೆ ಸಿಕ್ಕಿ ಸೊಟ್ಟಗಾದದ್ದು. ಮೊಣಕಾಲಿಗೆ ಕೊಟ್ಟು ಸೌದೆ ಮುರಿಯುವ ಹೆಂಗಸು ಅವಳು. ಸಿಕ್ಕಿದ ಬಸ್ಸು ಹತ್ತಿ ಊರಿಗೆ ಹೋದೆ. ಅಮ್ಮನಿಗೆ ಯಾವ ನಾಚಿಕೆಯೂ ಇರಲಿಲ್ಲ.

"ಎಂತ ತಪ್ಪುಂಟು? ಮದುವೆಗೆ, ಸತ್ತವರ ಬೊಜ್ಜದ ಊಟಕ್ಕೆ ಎಲ್ಲರೂ ಹೋಗ್ತಾರಾ? ಮನೆಯ ಪರವಾಗಿ ಒಬ್ಬರು ಹೋದ್ರೆ ಸಾಕು. ದೊಡ್ಡಕ್ಕ ಹೇಗೂ ಸಂತೆಗೆ ಹೋಗ್ತಾಳೆ. ಐದು ಮನೆಯದ್ದೂ ಮುಗಿಸಿ ಬಂದಳು."

"ಎಲುಬು ನೋಡ್ಲಿಕ್ಕೆ ಅವಳನ್ನು ಕಳಿಸುದಾ ಅಮ್ಮ?"

"ಮತ್ತೆ? ದೇವಸ್ಥಾನಕ್ಕೆ ಬಾಳೆಗೊನೆ ಕೊಡುವಾಗ ಒಳ್ಳೆಯದನ್ನೇ ಕೊಡುದಲ್ವಾ? ಡಾಕ್ಟ್ರಿಗೆ ಹಾಳು ಎಲುಬು ತೋರಿಸ್ಲಿಕ್ಕೆ ಮರ್ಯಾದೆ ಇಲ್ವಾ ನಮಗೆ?"

ನನಗೆ ಸಿಟ್ಟು ನೆತ್ತಿಗೇರಿತು. "ಅಜ್ಜಿ ಬಚ್ಚಲಲ್ಲಿ ಬಿದ್ದದ್ದು ಯಾರ ಪರವಾಗಿ?" ಎಂದುಬಿಟ್ಟೆ. ಮುಂದಿನ ಸೋಮವಾರ ಅಮ್ಮ ತಾನೇ ಬಸ್ಸು ಹತ್ತಿ ಬಂದಳು; ಅಷ್ಟರಲ್ಲಿ ನಾನು ಡಾಕ್ಟರಿಗೆ ಎಲ್ಲ ಹೇಳಿದ್ದೆ.

ಅವಳ ಎಲುಬು ತೀರ ತೆಳುವಿನ ಮೆಟ್ಟಿಲಿನಷ್ಟೇ ಮಸುಕಾಗಿತ್ತು. "ಈಗಲೇ ಗೊತ್ತಾದದ್ದು ಒಳ್ಳೆಯದಾಯ್ತು" ಎಂದರು ಡಾಕ್ಟರು. "ಹಾಲು ಕುಡೀರಿ, ಬಿಸಿಲಲ್ಲಿ ಸ್ವಲ್ಪ ನಡೀರಿ, ಕೊಡ ಹೊರಬೇಡಿ. ಮುಖ್ಯ, ಬೀಳ್ಬಾರ್ದು." ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಅಂದಿನಿಂದ ನಮ್ಮ ಮನೆಗೆ ನೀರು ತರುವ ಕೆಲಸ ದೊಡ್ಡಕ್ಕನ ಪಾಲಿಗೆ ಬಂತು.

ಆಟಿ ತಿಂಗಳ ಮಳೆಯಲ್ಲಿ ಒಂದು ದಿನ, ನಮ್ಮ ಬಾವಿಕಟ್ಟೆಯಲ್ಲಿ ಯಾರೋ ಜಾರಿ ಬಿದ್ದರು ಎಂದು ಪುತ್ತೂರಿಗೆ ಸುದ್ದಿ ಬಂತು. ಅಜ್ಜಿಯ ಮುಖ ಕಣ್ಣೆದುರು ಬಂತು. ಓಡೋಡಿ ಹೋಗಿ ನೋಡಿದರೆ ಅಮ್ಮ ಜಗಲಿಯಲ್ಲಿ ಕೂತು ನಿಶ್ಚಿಂತೆಯಿಂದ ಹಾಲು ಕುಡಿಯುತ್ತಿದ್ದಾಳೆ. ಬಿದ್ದದ್ದು ದೊಡ್ಡಕ್ಕ. ಪಾಚಿಯ ಮೇಲೆ ಕಾಲಿಟ್ಟು, ಎರಡು ಕೊಡ ಸಮೇತ. ಕೊಡಗಳು ಎರಡೂ ನೆಗ್ಗಿದ್ದವು. ದೊಡ್ಡಕ್ಕನಿಗೆ ಏನೂ ಆಗಿರಲಿಲ್ಲ.

"ಇನ್ನು ಹೆದರ್ಬೇಡ ಮಗಾ" ಎಂದಳು ಅಮ್ಮ. "ನಮ್ಮ ಮನೆಯ ಪರವಾಗಿ ದೊಡ್ಡಕ್ಕ ಬಿದ್ದಾಯ್ತು."

ದೊಡ್ಡಕ್ಕ ಸೊಂಟ ಉಜ್ಜಿಕೊಳ್ಳುತ್ತಾ ನನ್ನನ್ನು ನೋಡಿದಳು. "ಹೌದು ಮಾರಾಯ. ಇನ್ನು ನಾಲ್ಕು ಮನೆಯದ್ದು ಬಾಕಿ ಉಂಟು!"