ಕುರಿ ಸಾಕದವರಿಗೆ ಕುರಿಯ ಜ್ವರ

ಲ್ಯಾಬಿನಲ್ಲಿ ಕೂತವನಿಗೆ ನಗುವ ಪ್ರಸಂಗ ಎಲ್ಲಿಂದ ಬರಬೇಕು ಎನ್ನುತ್ತಾರೆ. ರಕ್ತ ಕೇಳುತ್ತ ಮನೆಮನೆ ತಿರುಗಿ ನೋಡಲಿ, ಬೇಡವೆಂದರೂ ಬರುತ್ತವೆ.

ಎರಡು ಸಾವಿರದ ಐದಾರರ ಹೊತ್ತಿಗೆ ಬಾಗಲಕೋಟೆಯ ನಮ್ಮ ಲ್ಯಾಬಿಗೆ ಬೆರಳುದ್ದದ ಗಾಜಿನ ಪಟ್ಟಿಗಳು ಬಂದವು. ಮೇಲೆ ಸಾಸಿವೆಗಿಂತ ಸಣ್ಣ ಪ್ರೋಟೀನ್ ಚುಕ್ಕಿಗಳು, ಒಂದೊಂದು ರೋಗಕ್ಕೆ ಒಂದೊಂದು. ರೋಗಿಯ ಸೀರಂ ಹನಿಸಿದರೆ, ಅದರಲ್ಲಿ ಯಾವ ರೋಗದ ಪ್ರತಿಕಾಯವಿದೆಯೋ ಆ ಚುಕ್ಕಿ ಹೊಳೆಯುತ್ತದೆ. ಮೊದಲ ಸಲ ಹೊಳೆದಾಗ ಬೆರಗಾಗಿ ಊಟವನ್ನೇ ಮರೆತೆ. ಹಳೆ ಪರೀಕ್ಷೆಯಲ್ಲಿ ಖಾತ್ರಿಯಾದವರ ರಕ್ತ ಹಾಕಿ ತಾಳೆ ನೋಡುವುದು ನನ್ನ ಕೆಲಸ. ತಾಳೆಯಾಗದಿದ್ದರೆ ಗಾಜು ವಾಪಸ್, ನನ್ನ ಒಂದು ವರ್ಷದ ದುಡಿಮೆ ಮಣ್ಣುಪಾಲು.

೧. ಎರಡು ನಂಬರ್

ಹುನಗುಂದದ ಕಡೆಯ ಕುರಿಗಾರನೊಬ್ಬನಿಗೆ ಕುರಿಯಿಂದ ಬರುವ ಜ್ವರ ಇರುವುದು ಖಾತ್ರಿಯಾಗಿತ್ತು. ಅವನ ರಕ್ತವನ್ನು ಎರಡು ಕೊಳವೆಗೆ ತುಂಬಿ ಬೇರೆಬೇರೆ ನಂಬರ್ ಬರೆದೆ.

"ಒಬ್ಬಾಂವನ ರಕ್ತಕ್ಕ ಎರಡು ನಂಬರ್ ಯಾಕ್ರಿ?"

"ಗಾಜು ಎರಡೂ ಸಲ ಒಂದೇ ಮಾತು ಹೇಳ್ತೈತೇನು ನೋಡಾಕ, ಕಾಕಾ."

"ಟಗರು ಮಾರಾಂವಗ ನಾನೂ ವಯಸ್ಸು ಎರಡು ಸಲ ಕೇಳ್ತೇನಿ. ಎರಡೂ ಸಲ ಒಂದ ಮಾತು ಹೇಳಿದ್ರ, ಬಾಯಿಪಾಠ ಮಾಡ್ಕೊಂಡು ಬಂದಾನ ಅಂತ ತಿಳ್ಕೊಂಡು ಹಲ್ಲು ನೋಡ್ತೇನಿ."

೨. ಸುಳ್ಳು ಜ್ವರ

ಗಾಜು ಎರಡೂ ಸಲ ಒಂದೇ ಮಾತು ಹೇಳಿತು: ಕುರಿಗಾರನಿಗೆ ಕುರಿಯ ಜ್ವರವಿಲ್ಲ, ಇರುವುದು ಟೈಫಾಯ್ಡ್. ಹಿಂದೆ ಟೈಫಾಯ್ಡ್ ಆಗಿದ್ದ ಇಳಕಲ್ಲಿನ ನೇಕಾರ ಅವ್ವಾರಿಗೆ ಕುರಿಯ ಜ್ವರ! ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಮತ್ತೆ ರಕ್ತ ಕೇಳಲು ಕುರಿಗಾರನಲ್ಲಿಗೆ ಹೋದೆ.

"ಹಂಗಾರ ಆರು ತಿಂಗಳು ನಾ ಸುಳ್ಳ ನರಳೀನೇನ್ರಿ?"

"ಎರಡೂ ಸಲ ಹಂಗ ಅಂದೈತಿ, ಕಾಕಾ."

ಅವನು ಮರುಕದಿಂದ ನನ್ನನ್ನು ನೋಡಿದ. "ಬಾಯಿಪಾಠ," ಎಂದ.

೩. ಸೆರಗು

ಇಳಕಲ್ಲಿನಲ್ಲಿ ಅವ್ವಾರು ಮಗ್ಗದ ಮುಂದೆ ಕೂತು ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುತ್ತಿದ್ದರು. "ಕುರಿ ಜ್ವರ ನನಗ? ನಾ ಕುರಿ ಮಾರಿನೂ ನೆಟ್ಟಗ ನೋಡಿಲ್ಲ," ಎಂದರು.

ಎಂಟು ದಿನದಿಂದ ಅನ್ನ ಸೇರದ ಕತೆ ಹೇಳಿ, ನಂಬಲೆಂದು ಹತ್ತಾರು ಗಾಜುಗಳ ಚಿತ್ರ ನೆಲದ ಮೇಲೆ ಹರವಿದೆ. ಎಳೆ ಬಿಡದೆ ಒಮ್ಮೆ ಕಣ್ಣಾಡಿಸಿದರು.

"ಈ ಮೂರು ಉಲ್ಟಾ ಅದಾವಲ್ರಿ. ಉಳಿದವ್ರಾಗ ಮೂರು ಚುಕ್ಕಿ ಮ್ಯಾಲಿನ ಮೂಲ್ಯಾಗ, ಎರಡು ಕೆಳಗ. ಇವ್ರಾಗ ಮೂರು ಕೆಳಗ. ಸೆರಗು ಒಡಲಿಗೆ ಬಂದೈತಿ."

ಆ ಮೂರರಲ್ಲಿ ಎರಡು ಕುರಿಗಾರನವು, ಒಂದು ಅವರದೇ. ಮೂಲೆಯ ಚುಕ್ಕಿಗಳು ದಿಕ್ಕು ತಿಳಿಯಲೆಂದೇ ಎಲ್ಲ ಗಾಜಿಗೂ ಹಾಕಿದ ಗುರುತು; ಯಂತ್ರದೊಳಗೆ ಆ ಮೂರು ಗಾಜುಗಳನ್ನು ತಿರುಗುಮುರುಗಾಗಿ ಇಟ್ಟವನು ನಾನೇ. ಕುರಿಯ ಜ್ವರದ ಜಾಗದಲ್ಲಿ ಟೈಫಾಯ್ಡ್ ಚುಕ್ಕಿ, ಟೈಫಾಯ್ಡ್ ಜಾಗದಲ್ಲಿ ಕುರಿಯ ಜ್ವರದ್ದು ಬಂದು ಕೂತಿದ್ದವು. ಗಾಜು ನೋಡಿ ಬೆರಗಾಗಿದ್ದವನು ಈಗ ಅವ್ವಾರ ಕಣ್ಣುಗಳಿಗೆ ಬೆರಗಾದೆ.

"ನಮ್ಮದು ಉಲ್ಟಾ ಆದ್ರ ಇಡೀ ಸೀರಿ ಬಿಚ್ಚಬೇಕ್ರಿ. ನಿಮ್ಮದಕ್ಕ ಏನು ಮಾಡ್ತೀರಿ?"

ನಾನು ಮೂರೂ ಕಾಗದ ತಿರುಗಿಸಿ ಇಟ್ಟೆ. ಎಲ್ಲ ತಾಳೆಯಾಯಿತು.

ಅವ್ವಾರ ಕೈ ಮೊದಲ ಸಲ ನಿಂತಿತು. "ಇಷ್ಟಕ್ಕ ಎಂಟು ದಿನ ಉಂಡಿಲ್ಲೇನ್ರಿ?" ಎಂದವರೇ ಒಳಗೆ ತಿರುಗಿ ಸೊಸೆಯನ್ನು ಕರೆದರು, "ಇವ್ರಿಗೆ ಎರಡು ರೊಟ್ಟಿ ಹಾಕವಾ. ಯಾವ ಕಡಿ ಮ್ಯಾಲ ಅಂತ ತೋರಿಸಿ ಕೊಡು."